ಮೊದಲು ಚಿತ್ರ ನೋಡಿ, ಆಮೇಲೆ ಅಕ್ಷರ

ಡಿಸೆಂಬರ್ ಬಂತೆಂದರೆ ಆರಾಧನೆ ಮುಗಿದ ಮೇಲೆ ಚರ್ಚಿನ ಅಂಗಳದಲ್ಲಿ ನನ್ನನ್ನು ತಡೆದು ನಿಲ್ಲಿಸುವ ಅಪ್ಪ-ಅಮ್ಮಂದಿರು ಹೆಚ್ಚು. "ಟೀಚರ್, ಮಗೂಗೆ ಮೂರು ವರ್ಷ. ಯಾವ ಬೈಬಲ್ ಚಿತ್ರಪುಸ್ತಕ ತಗೊಳ್ಳಲಿ?" ಮಡಿಕೇರಿಯಲ್ಲಿ ವಾರವಿಡೀ ನರ್ಸರಿ ಮಕ್ಕಳ ಜೊತೆ, ಭಾನುವಾರ ಸಂಡೇ ಸ್ಕೂಲಿನ ಚಿಕ್ಕವರ ಜೊತೆ ಇಪ್ಪತ್ತು ವರ್ಷ ಕಳೆದವಳು ನಾನು. ಪುಸ್ತಕದ ಹೆಸರು ಹೇಳುವ ಮೊದಲು ಅವರಿಗೆ ಒಂದು ಕೆಲಸ ಹೇಳುತ್ತೇನೆ. ಅಂಗಡಿಯಲ್ಲೇ ನಿಂತು, ಅಕ್ಷರಗಳನ್ನು ಅಂಗೈಯಿಂದ ಮುಚ್ಚಿ, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಬರೀ ಚಿತ್ರ ನೋಡಿ. ಓದಲು ಬಾರದ ನಿಮ್ಮ ಮಗುವಿಗೆ ಸಿಗುವ ಕಥೆ ಅದೇ.

ನಮ್ಮ ಮಾತಿಗೂ ಚಿತ್ರಕ್ಕೂ ತಾಳೆಯಾಗದಿದ್ದರೆ ಮಗು ಚಿತ್ರವನ್ನೇ ನಂಬುತ್ತದೆ. ಹುಟ್ಟಿದ ಯೇಸುವನ್ನು ನೋಡಲು ಕಾಣಿಕೆ ಹಿಡಿದು ಬಂದ ಮೂಡಣ ದೇಶದ ಜೋಯಿಸರು ಎಷ್ಟು ಜನ ಎಂದು ಮತ್ತಾಯನ ಸುವಾರ್ತೆ ಹೇಳುವುದಿಲ್ಲ, ಕಾಣಿಕೆಗಳು ಮಾತ್ರ ಮೂರು. ಚಿತ್ರಗಳಲ್ಲಿ ಯಾವಾಗಲೂ ಮೂವರೇ. ಯೋನನನ್ನು ನುಂಗಿದ್ದು ದೊಡ್ಡ ಮೀನು, ಚಿತ್ರದಲ್ಲಿ ತಿಮಿಂಗಿಲ. ಇಂಥವಕ್ಕೆ ನಾನು ತಲೆ ಕೆಡಿಸಿಕೊಳ್ಳುವುದಿಲ್ಲ, ಮಗು ದೊಡ್ಡದಾಗಿ ತಾನೇ ಓದಿದಾಗ ಸರಿಹೋಗುತ್ತವೆ.

ಮುಖಗಳ ವಿಷಯ ಹಾಗಲ್ಲ. ಯೇಸುಸ್ವಾಮಿ ಗಲಿಲಾಯದಲ್ಲಿ ಬೆಳೆದ ಯೆಹೂದ್ಯರು, ಬಿಸಿಲಿನಲ್ಲಿ ನಡೆದಾಡಿದವರು. ಎಷ್ಟೋ ಪುಸ್ತಕಗಳಲ್ಲಿ ಅವರಿಗೆ ಹೊಂಬಣ್ಣದ ಕೂದಲು, ನೀಲಿ ಕಣ್ಣು. ಕಪ್ಪು ಬಣ್ಣ ಉಳಿದಿರುವುದು ಕಳ್ಳರಿಗೆ, ಸೈನಿಕರಿಗೆ. ದರೋಡೆಗೆ ಸಿಕ್ಕಿ ದಾರಿಯಲ್ಲಿ ಬಿದ್ದವನಿಗೆ ನೆರವಾದ ಒಳ್ಳೆಯ ಸಮಾರ್ಯದವನ ಕಥೆ ಓದುತ್ತಿದ್ದಾಗ, ತೋಟದ ಕೆಲಸಗಾರರ ಲೈನ್ ಮನೆಯಿಂದ ಬರುತ್ತಿದ್ದ ನಾಲ್ಕು ವರ್ಷದ ಹುಡುಗ ದರೋಡೆಕೋರನ ಮೇಲೆ ಬೆರಳಿಟ್ಟು ಖುಷಿಯಿಂದ "ಇದು ನಮ್ಮಪ್ಪ" ಅಂದ. ಆ ಪುಟದಲ್ಲಿ ಅವನ ಅಪ್ಪನ ಮೈಬಣ್ಣದವನು ಆ ದರೋಡೆಕೋರ ಒಬ್ಬನೇ. ಆ ಪುಸ್ತಕವನ್ನು ಅಂದೇ ಕಪಾಟಿನಿಂದ ತೆಗೆದೆ. ಚೆನ್ನಾದ ಕಾಗದ, ಚೆನ್ನಾದ ಮುದ್ರಣ, ಯಾರೋ ಪ್ರೀತಿಯಿಂದ ಕೊಟ್ಟದ್ದು. ಆದರೂ ತೆಗೆದೆ.

ಹಾಗೆಂದು ಬೇತ್ಲೆಹೇಮನ್ನು ಕೊಡಗಿಗೆ ತಂದು ಕೂರಿಸಬೇಕಾಗಿಲ್ಲ. ಲೂಕನ ಸುವಾರ್ತೆಯಲ್ಲಿ 100 ಕುರಿಗಳಲ್ಲಿ ಒಂದು ಕಳೆದುಹೋಗುತ್ತದೆ. ನನ್ನ ಮಕ್ಕಳಲ್ಲಿ ಕುರಿಮಂದೆ ಕಂಡವರೇ ಅಪರೂಪ. ಆದರೆ ಸಂಜೆಯಾದರೂ ದನ ಹಟ್ಟಿಗೆ ಬಾರದಿದ್ದರೆ ಅಪ್ಪ ಟಾರ್ಚ್ ಹಿಡಿದು ತೋಟದೊಳಗೆ ಹೋಗುವುದು, ಆನೆ ಇದ್ದೀತೆಂದು ಅಮ್ಮ ಬಾಗಿಲಲ್ಲೇ ನಿಲ್ಲುವುದು ಅವರಿಗೆ ಗೊತ್ತು. ಮೊದಲು ಆ ಮಾತು ಆಡಿಸಿ, ಆಮೇಲೆ ಪುಸ್ತಕ ತೆರೆಯುತ್ತೇನೆ. ಕುರಿ ಕುರಿಯಾಗಿಯೇ ಇರುತ್ತದೆ, ಕುರುಬನ ಆತಂಕ ಮಾತ್ರ ಮಕ್ಕಳದ್ದಾಗುತ್ತದೆ.

ಈಗ ಅಕ್ಷರ. ಹೊರದೇಶದಲ್ಲಿ ತಯಾರಾಗುವ ಎಷ್ಟೋ ಚಿತ್ರಪುಸ್ತಕಗಳನ್ನು ಹಲವು ಭಾಷೆಗಳಿಗೆ ಒಟ್ಟಿಗೇ ಅಚ್ಚು ಹಾಕುತ್ತಾರೆ. ಬಣ್ಣದ ಪ್ಲೇಟುಗಳು ಎಲ್ಲ ಭಾಷೆಗೂ ಒಂದೇ, ಅಕ್ಷರಗಳ ಕಪ್ಪು ಪ್ಲೇಟು ಮಾತ್ರ ಬದಲು. ಖರ್ಚು ಉಳಿಯುತ್ತದೆ ನಿಜ. ಆದರೆ ಇಂಗ್ಲಿಷಿಗೆಂದು ಬಿಟ್ಟ ಜಾಗದಲ್ಲಿ ಕನ್ನಡವನ್ನು ತುರುಕಬೇಕಾಗುತ್ತದೆ. ನಮ್ಮ ಒತ್ತಕ್ಷರಗಳಿಗೆ ಸಾಲಿನ ಕೆಳಗೆ ಜಾಗ ಬೇಕು. ಅದಿಲ್ಲದೆ ಅಕ್ಷರ ಚಿಕ್ಕದಾಗುತ್ತದೆ, ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿಗೆ ತಾಗುತ್ತದೆ. 1843ರಲ್ಲಿ ಕನ್ನಡದ ಮೊದಲ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ತಂದ ಜರ್ಮನ್ ಮಿಷನರಿ ಹೆರ್ಮನ್ ಮೊಗ್ಲಿಂಗ್, ಮುಂದಿನ ದಶಕದಲ್ಲಿ ನಮ್ಮ ಕೊಡಗಿಗೇ ಬಂದು ಕೆಲಸ ಮಾಡಿದವರು. ಕಲ್ಲಚ್ಚೆಂದರೆ ಕೈಬರಹವೇ ಅಚ್ಚಾಗುವುದು, ಒತ್ತಿಗೆ ಬೇಕಾದ ಜಾಗ ಬರೆಯುವವನ ಕೈಯಲ್ಲೇ ಇತ್ತು. ಅಂಥ ಹಿನ್ನೆಲೆಯಿರುವ ನಾವು ಪುಟಾಣಿಗಳಿಗೆ ಕನ್ನಡದಲ್ಲೇ ಹುಟ್ಟಿದ, ಕನ್ನಡಕ್ಕೆಂದೇ ಪುಟ ಕಟ್ಟಿದ ಪುಸ್ತಕ ಕೊಡಬೇಕೆಂಬುದು ನನ್ನ ದೊಡ್ಡ ಆಸೆ. ಭಾಷೆಯೂ ಮನೆಯ ಮಾತಾಗಿರಲಿ. "ಆತನು ಅವರಿಗೆ ಹೇಳಿದ್ದೇನಂದರೆ" ಎಂಬ ಸಾಲು ದೊಡ್ಡವರ ಕಿವಿಗೆ ಗಂಭೀರ, ಮೂರು ವರ್ಷದ ಮಗುವಿಗೆ ಬರೀ ಸದ್ದು.

ಶಿಲುಬೆಯ ಪುಟದ ಬಗ್ಗೆಯೂ ಕೇಳುತ್ತಾರೆ. ಬಿಡಬೇಡಿ, ಎಳೆಯಲೂ ಬೇಡಿ. ರಕ್ತ, ಮೊಳೆಯ ಚಿತ್ರ ಈ ವಯಸ್ಸಿಗೆ ಬೇಡ. ಯೇಸು ಸತ್ತರು, ಸ್ನೇಹಿತರು ಅತ್ತರು, ಅಷ್ಟು ಸಾಕು. ಒಂದೇ ನಿಯಮ: ಆ ಪುಟದಲ್ಲಿ ಪುಸ್ತಕ ಮುಚ್ಚಿ ದೀಪ ಆರಿಸಬಾರದು. ಎಷ್ಟೇ ನಿದ್ದೆ ಬಂದರೂ, ಯೇಸು ಮತ್ತೆ ಜೀವಂತವಾಗಿ ಎದ್ದ ಖಾಲಿ ಸಮಾಧಿಯ ಬೆಳಗಿನವರೆಗೆ ಓದಿಯೇ ಮಲಗಿಸಿ.

ನನ್ನನ್ನು ಹೆಚ್ಚು ಕಾಡಿದ ಕಥೆ ನೋಹನದು. ಜನರ ಕೆಟ್ಟತನಕ್ಕೆ ದೇವರು ಜಲಪ್ರಳಯ ತಂದಾಗ, ನಾವೆ ಕಟ್ಟಿ ತನ್ನ ಮನೆಯವರನ್ನೂ ಪ್ರಾಣಿಗಳನ್ನೂ ಉಳಿಸಿಕೊಂಡವನು ಅವನು, ಉಳಿದವರೆಲ್ಲ ಮುಳುಗಿದರು. ಚಿಕ್ಕ ಮಕ್ಕಳ ಪುಸ್ತಕಗಳಲ್ಲಿ ಅದು ಪ್ರಾಣಿಗಳ ಕಥೆ: ದುಂಡನೆಯ ನಾವೆ, ಕಿಟಕಿಯಿಂದ ಕತ್ತು ಹಾಕಿದ ಜಿರಾಫೆ, ಎಲ್ಲರ ಮುಖದಲ್ಲೂ ನಗು. ನಾನೂ ವರ್ಷಗಟ್ಟಲೆ ಹಾಗೇ ಹೇಳಿದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲ ಕಡೆಯ ಗುಡ್ಡಗಳು ಕುಸಿದವು. ಮನೆ ಬಿಟ್ಟು ಬಂದವರು ಪರಿಹಾರ ಕೇಂದ್ರ ಸೇರಿದರು. ಕೆಲವು ವಾರಗಳ ಮೇಲೆ ತರಗತಿ ಮತ್ತೆ ಶುರುವಾದಾಗ, ಮಕ್ಕಳು ನಗಲಿ ಎಂದು ಅದೇ ಪುಸ್ತಕ ತೆರೆದೆ. ಐದು ವರ್ಷದ ಹುಡುಗಿಯೊಬ್ಬಳು ಜಿರಾಫೆಯನ್ನು ನೋಡಲೇ ಇಲ್ಲ. ಪುಟದ ಕೆಳಗಿನ ನೀರನ್ನೇ ನೋಡುತ್ತಿದ್ದಳು. "ಟೀಚರ್, ದೋಣೀಲಿ ಬೇರೆಯವ್ರಿಗೆ ಜಾಗ ಇರ್ಲಿಲ್ವಾ?"

ನನಗೆ ಉತ್ತರ ಹೊಳೆಯಲಿಲ್ಲ. ಅದಕ್ಕೂ ಕಷ್ಟವಾದದ್ದು, ಆ ದಿನಗಳಲ್ಲಿ ದೊಡ್ಡವರು ಮಕ್ಕಳ ಎದುರೇ "ದೇವರ ಸಿಟ್ಟು" ಎಂದು ಮಾತಾಡುತ್ತಿದ್ದುದು. ಮನೆ ಕಳೆದುಕೊಂಡ ಮಗು ಅದನ್ನು ಕೇಳಿಸಿಕೊಂಡು, ನಾವೇನು ತಪ್ಪು ಮಾಡಿದೆವು ಎಂದು ಹುಡುಕಲು ಕೂರುತ್ತದೆ. ಲೂಕನ 13ನೇ ಅಧ್ಯಾಯದಲ್ಲಿ ಸಿಲೋವದ ಬುರುಜು ಬಿದ್ದು 18 ಮಂದಿ ಸತ್ತದ್ದನ್ನು ಯೇಸುಸ್ವಾಮಿಯೇ ಎತ್ತಿ ಹೇಳುತ್ತಾರೆ. ಸತ್ತವರು ಯೆರೂಸಲೇಮಿನ ಬೇರೆಲ್ಲರಿಗಿಂತ ಹೆಚ್ಚು ತಪ್ಪಿತಸ್ಥರೇ ಎಂದು ಕೇಳಿ, ಅಲ್ಲ ಎನ್ನುತ್ತಾರೆ. ನೋಹನ ಪುಸ್ತಕ ಕೈಗೆತ್ತಿಕೊಳ್ಳುವ ಪ್ರತಿಯೊಬ್ಬ ಟೀಚರಿಗೂ ಈ ಮಾತು ನೆನಪಿರಬೇಕು.

ಆ ವರ್ಷದಿಂದ ನಾನು ಆ ಕಥೆ ಹೇಳುವ ರೀತಿ ಬದಲಾಯಿತು. ನೋಹನ ಕಥೆಯಿರುವ ಬೈಬಲಿನ ಆದಿಕಾಂಡದಲ್ಲಿ ಮಳೆ ನಿಂತ ಮೇಲಿನ ಭಾಗ ದೊಡ್ಡದೇ ಇದೆ. ನೋಹ ಪಾರಿವಾಳ ಬಿಡುತ್ತಾನೆ, ಕಾಲೂರಲು ಜಾಗ ಕಾಣದೆ ಅದು ಮರಳುತ್ತದೆ. ಏಳು ದಿನ ಕಾದು ಮತ್ತೆ ಬಿಟ್ಟಾಗ ಆಲಿವ್ ಮರದ ಎಲೆ ಕಚ್ಚಿಕೊಂಡು ಬರುತ್ತದೆ. ಮತ್ತೂ ಏಳು ದಿನ. ಈ ಸಲ ಹಕ್ಕಿ ತಿರುಗಿ ಬರುವುದಿಲ್ಲ. ಪುಸ್ತಕಗಳು ಇದನ್ನು ಒಂದೇ ಪುಟದಲ್ಲಿ ದಾಟಿಸಿ ಕಾಮನಬಿಲ್ಲಿಗೆ ಓಡುತ್ತವೆ. ಪರಿಹಾರ ಕೇಂದ್ರದಲ್ಲಿ ದಿನ ಎಣಿಸಿದ ಮಕ್ಕಳಿಗೆ ಕಾಯುವುದೆಂದರೇನೆಂದು ಗೊತ್ತು. ಹಾಗಾಗಿ ನಾನು ಅಲ್ಲೇ ನಿಲ್ಲುತ್ತೇನೆ. ಮಕ್ಕಳು ಬೆರಳು ಮಡಚಿ ಏಳು ದಿನ ಎಣಿಸುತ್ತಾರೆ, ಹಕ್ಕಿಯನ್ನು ಕೈಯಲ್ಲೇ ಹಾರಿಸುತ್ತಾರೆ. ಆ ಹುಡುಗಿ ಎಲೆಯನ್ನು ನೋಡಿ "ಕಾಫಿ ಎಲೆ" ಅಂದಳು. ನಾನು ತಿದ್ದಲಿಲ್ಲ.

ನೋಹನ ಆ ಪುಸ್ತಕ ಈಗಲೂ ನಮ್ಮ ಕಪಾಟಿನಲ್ಲಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದನ್ನು ಹೊರಗೆ ತೆಗೆಯುವುದಿಲ್ಲ. ಮಳೆ ಕಳೆದು ಬಿಸಿಲು ಬಂದ ಮೇಲೆ ಬೂಷ್ಟು ಒರೆಸಿ, ಅಂಗಳದಲ್ಲಿ ಒಂದು ದಿನ ಒಣಗಿಸಿ, ಆಮೇಲೆ ಮಕ್ಕಳ ಕೈಗೆ ಕೊಡುತ್ತೇನೆ.