ಚಳಿಯಲ್ಲಿ ಒಣಗುವ ಆಲೂಗಡ್ಡೆ

ಸಮುದ್ರಮಟ್ಟದಿಂದ 3,800 ಮೀಟರ್ ಎತ್ತರಕ್ಕೆ ಹೋದರೆ ನೀರು ಸುಮಾರು 87 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುತ್ತದೆ. ಕಾಳು ಬೇಯಿಸಲು ಸೌದೆ ಜಾಸ್ತಿ ಬೇಕು. ಆದರೆ ಅಲ್ಲಿ ಮರಗಳೇ ಅಪರೂಪ. ಭತ್ತದ ಮಾತೇ ಇಲ್ಲ, ಮೆಕ್ಕೆಜೋಳವೂ ಕಷ್ಟ. ಪೆರು ಮತ್ತು ಬೊಲಿವಿಯಾ ಗಡಿಯ ಟಿಟಿಕಾಕಾ ಸರೋವರದ ಸುತ್ತ, ಆಂಡಿಸ್ ಪರ್ವತಗಳ ಮೇಲೆ, ಕೆಚುವಾ ಮತ್ತು ಐಮಾರಾ ಜನ ಇಂಥ ಜಾಗದಲ್ಲೇ ತಲೆಮಾರುಗಳಿಂದ ಬೇಸಾಯ ಮಾಡಿಕೊಂಡು ಬಂದಿದ್ದಾರೆ. ಇವತ್ತು ನಮ್ಮ ಮಸಾಲೆ ದೋಸೆಯೊಳಗೆ ಕೂತಿರುವ ಆಲೂಗಡ್ಡೆಯನ್ನು ಮೊದಲು ಪಳಗಿಸಿದವರು ಈ ಬೆಟ್ಟಗಳ ಜನರೇ.

ಆಲೂಗಡ್ಡೆಯಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ನೀರು. ಹಾಗಾಗಿ ಬೇಗ ಮೊಳೆಯುತ್ತದೆ, ಕೊಳೆಯುತ್ತದೆ. ಮುಂದಿನ ವರ್ಷ ಬೆಳೆ ಕೈಕೊಟ್ಟರೆ ತಿನ್ನೋದೇನು? ಇದಕ್ಕೆ ಅವರು ಕಂಡುಕೊಂಡ ದಾರಿ ಚುನ್ಯೋ, ಅಂದರೆ ಚಳಿ, ಬಿಸಿಲಿನಲ್ಲಿ ಒಣಗಿಸಿದ ಆಲೂಗಡ್ಡೆ.

ಜೂನ್, ಜುಲೈ ಅಲ್ಲಿ ಚಳಿಗಾಲ. ಮಳೆ ಇರುವುದಿಲ್ಲ. ಹಗಲು ಚುರುಕು ಬಿಸಿಲು, ರಾತ್ರಿ ಸೊನ್ನೆಗಿಂತ ಐದಾರು ಡಿಗ್ರಿ ಕೆಳಗೆ. ಗಡ್ಡೆಗಳನ್ನು ಬಯಲಿನಲ್ಲಿ ಒಂದೇ ಪದರವಾಗಿ ಹರಡುತ್ತಾರೆ. ರಾತ್ರಿ ಒಳಗಿನ ನೀರು ಹೆಪ್ಪುಗಟ್ಟಿ, ಹರಳುಗಳು ಜೀವಕೋಶಗಳನ್ನು ಹರಿದುಹಾಕುತ್ತವೆ. ಬೆಳಿಗ್ಗೆ ಬಿಸಿಲಿಗೆ ಕರಗಿದಾಗ ಗಡ್ಡೆ ಮೆತ್ತಗಾಗಿ ನೀರು ಒಸರುತ್ತದೆ. ಮೂರ್ನಾಲ್ಕು ರಾತ್ರಿ ಹೀಗಾದ ಮೇಲೆ ಮನೆಮಂದಿಯೆಲ್ಲ ಬರಿಗಾಲಲ್ಲಿ ತುಳಿಯುತ್ತಾರೆ. ನೀರು ಹಿಂಡಿ ಹೋಗುತ್ತದೆ, ಸಿಪ್ಪೆ ಕಾಲಡಿಗೇ ಬಿಟ್ಟುಕೊಳ್ಳುತ್ತದೆ. ಮತ್ತೆ ಬಿಸಿಲಿಗೆ ಹಾಕಿದರೆ ಎತ್ತರದ ಒಣಗಾಳಿ ಉಳಿದ ತೇವವನ್ನೂ ಹೀರಿಕೊಳ್ಳುತ್ತದೆ. ಐದು ಕಿಲೋ ಗಡ್ಡೆ ಹೋಗಿ ಕಪ್ಪಗಿನ, ಕಲ್ಲಿನಂತೆ ಗಟ್ಟಿಯಾದ ಹೆಚ್ಚುಕಡಿಮೆ ಒಂದು ಕಿಲೋ ಉಳಿಯುತ್ತದೆ. ತೇವ ತಾಗದಂತೆ ಇಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ತಿನ್ನುವಾಗ ರಾತ್ರಿ ನೆನೆಹಾಕಿ, ಮಾಂಸ, ಧಾನ್ಯದ ಜೊತೆ 'ಚೈರೋ' ಎಂಬ ಗಟ್ಟಿ ಸಾರಿಗೆ ಹಾಕುತ್ತಾರೆ. ಸಿ ಜೀವಸತ್ವ ಬಹುಮಟ್ಟಿಗೆ ಹೋಗಿರುತ್ತದೆ, ಆದರೆ ಹೊಟ್ಟೆ ತುಂಬಿಸುವ ಪಿಷ್ಟ ಹಾಗೇ ಇರುತ್ತದೆ.

ಇದರಲ್ಲಿ ಇನ್ನೊಂದು ಜಾಣತನವಿದೆ, ನನಗೆ ಅದೇ ದೊಡ್ಡದು ಅನ್ನಿಸುತ್ತದೆ. ತೀರಾ ಎತ್ತರದ ಚಳಿ ತಡೆಯುವ ಆಲೂಗಡ್ಡೆ ತಳಿಗಳು ಕಹಿ. ಅವುಗಳಲ್ಲಿ ಗ್ಲೈಕೋಆಲ್ಕಲಾಯ್ಡ್ ಎಂಬ ವಿಷ ಜಾಸ್ತಿ. ಸುಮ್ನೆ ಬೇಯಿಸಿದರೆ ಅದು ಹೋಗುವುದಿಲ್ಲ. ಹೆಪ್ಪುಗಟ್ಟಿಸಿ, ತುಳಿದು ಹಿಂಡಿದಾಗ ನೀರಿನ ಜೊತೆ ವಿಷವೂ ಇಳಿದುಹೋಗುತ್ತದೆ. 'ಟುಂಟಾ' ಎಂಬ ಬಿಳಿ ಬಗೆಯ ಚುನ್ಯೋ ಮಾಡಲು ಗಡ್ಡೆಗಳನ್ನು ವಾರಗಟ್ಟಲೆ ಹರಿಯುವ ತೊರೆಯಲ್ಲಿ ನೆನೆಸುತ್ತಾರೆ. ಬೇರೇನೂ ಬೆಳೆಯದ ನೆಲದಲ್ಲಿ, ತಿನ್ನಲಾಗದ ಗಡ್ಡೆ ಹೀಗೆ ಊಟವಾಯಿತು. ಕೆಲವು ಕಡೆ ಆಲೂಗಡ್ಡೆಯನ್ನು ಜೇಡಿಮಣ್ಣಿನ ಗೊಜ್ಜಿನಲ್ಲಿ ಅದ್ದಿ ತಿನ್ನುವುದೂ ಇದೆ. ಮಣ್ಣಿನ ಕಣಗಳು ಕಹಿ ವಿಷವನ್ನು ಹಿಡಿದಿಟ್ಟುಕೊಳ್ಳುತ್ತವೆ.

ಹೊಲಗಳ ಲೆಕ್ಕವೂ ಹೀಗೇ. ಒಂದೇ ಕುಟುಂಬಕ್ಕೆ ಬೇರೆ ಬೇರೆ ಎತ್ತರದಲ್ಲಿ ತುಂಡು ತುಂಡು ಜಮೀನು. ಕೆಳಗಿನ ಕಣಿವೆಯಲ್ಲಿ ಮೆಕ್ಕೆಜೋಳ, ನಡುವೆ ಆಲೂಗಡ್ಡೆ, ಮೇಲೆ ಕಹಿ ಗಡ್ಡೆ, ಅದಕ್ಕೂ ಮೇಲೆ ಲಾಮಾ, ಅಲ್ಪಾಕಾ ಮೇಯುವ ಹುಲ್ಲುಗಾವಲು. ನಾಟಿ, ಕೊಯ್ಲಿನ ಹೊತ್ತಿಗೆ ನಮ್ಮಲ್ಲಿನ ಮುಯ್ಯಾಳಿನಂತೆ ಒಬ್ಬರಿಗೊಬ್ಬರು ಕೆಲಸಕ್ಕೆ ಹೋಗುತ್ತಾರೆ. ಒಂದೇ ಹೊಲದಲ್ಲಿ ಹತ್ತಾರು ತಳಿ ಬೆರೆಸಿ ನೆಡುತ್ತಾರೆ. ಎಕರೆಗೆ ಎಷ್ಟು ಕ್ವಿಂಟಾಲ್ ಅಂತ ಕೇಳಿದರೆ ಇದು ಹಿಂದುಳಿದ ಬೇಸಾಯದಂತೆ ಕಾಣುತ್ತದೆ. ಆದರೆ ಮಂಜು ಒಂದು ತುಂಡಿನ ಮೇಲೆ ಬಿದ್ದರೆ ಇನ್ನೊಂದು ಉಳಿಯುತ್ತದೆ, ರೋಗ ಒಂದು ತಳಿಗೆ ಬಂದರೆ ಇನ್ನೊಂದು ನಿಲ್ಲುತ್ತದೆ. ವರ್ಷಗಟ್ಟಲೆ ಕುಫ್ರಿ ಜ್ಯೋತಿ ಎಂಬ ಒಂದೇ ಆಲೂಗಡ್ಡೆ ತಳಿಯನ್ನು ನೆಚ್ಚಿಕೊಂಡು, ಅಂಗಮಾರಿ ರೋಗಕ್ಕೆ ಹೊಲಕ್ಕೆ ಹೊಲವೇ ಕಳೆದುಕೊಂಡ ಹಾಸನದ ರೈತರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ?

ಪೆರುವಿನ ಕುಸ್ಕೋ ಹತ್ತಿರ, ಪಿಸಾಕ್ ಬಳಿ, ಕೆಚುವಾ ಹಳ್ಳಿಗಳು ಸೇರಿ 'ಆಲೂಗಡ್ಡೆ ಉದ್ಯಾನ' ಮಾಡಿಕೊಂಡಿವೆ. ಸಾವಿರಕ್ಕೂ ಹೆಚ್ಚು ತಳಿಗಳು ಅಲ್ಲಿ ಹೊಲದಲ್ಲೇ ಉಳಿದಿವೆ. ಆದರೆ ಬಿಸಿ ಏರುತ್ತಿರುವುದರಿಂದ ಹಿಂದೆ ಬೆಳೆಯುತ್ತಿದ್ದ ಎತ್ತರದಲ್ಲಿ ಈಗ ಕೀಟ, ರೋಗ ಹೆಚ್ಚಿವೆ. ರೈತರು ಗಡ್ಡೆಗಳನ್ನು ಇನ್ನೂ ಮೇಲಕ್ಕೆ ಒಯ್ಯುತ್ತಿದ್ದಾರೆ. ಮೇಲೆ ಹೋದಷ್ಟೂ ಜಾಗ ಕಡಿಮೆ, ಮಣ್ಣು ತೆಳು. ಚುನ್ಯೋಗೆ ಬೇಕಾದ ಕೊರೆಯುವ ರಾತ್ರಿಗಳು ಸಾಲಾಗಿ ಬಾರದಿದ್ದರೆ, ಅರ್ಧ ಹೆಪ್ಪುಗಟ್ಟಿದ ಗಡ್ಡೆ ಬಯಲಲ್ಲೇ ಕೊಳೆತುಹೋಗುತ್ತದೆ.