ಪದ ಪರಿಚಯ: ಪಂಚ್

ಗುದ್ದು ಎಂಬ ಅರ್ಥದ ಪಂಚ್ ಬೇರೆ, ಲೋಟಕ್ಕೆ ಬಗ್ಗಿಸಿ ಕುಡಿಯುವ ಪಂಚ್ ಬೇರೆ. ಈ ಎರಡನೆಯದು ನಮ್ಮ ಪಂಚಾಮೃತ, ಪಂಚಕಜ್ಜಾಯಗಳ ದಾಯಾದಿ. ಸಾರಾಯಿ, ನಿಂಬೆ, ಸಕ್ಕರೆ, ನೀರು, ಮಸಾಲೆ ಎಂಬ ಐದು ಪದಾರ್ಥ ಕೂಡಿದ ಪಾನೀಯ ಅದು.

ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಜಾನ್ ಫ್ರೈಯರ್ 1670ರ ದಶಕದಲ್ಲಿ ಪಶ್ಚಿಮ ಕರಾವಳಿಯಲ್ಲಿ ಓಡಾಡಿದವನು, ಕಾರವಾರ, ಗೋಕರ್ಣಗಳನ್ನೂ ಕಂಡವನು. 1698ರಲ್ಲಿ ಅಚ್ಚಾದ ತನ್ನ ಪ್ರವಾಸ ಗ್ರಂಥದಲ್ಲಿ ಅವನು ಗೋವೆಯ ನೆರೂಲಿನ ಸಾರಾಯಿಯನ್ನು ಹೊಗಳುತ್ತಾನೆ. ಅದರಿಂದ ಈ ತೀರದ ಇಂಗ್ಲಿಷರು ‘ಪಾಂಚ್’ ಮಾಡಿಕೊಳ್ಳುತ್ತಾರೆ, ಹಾಗೆಂದರೆ ಹಿಂದೂಸ್ತಾನಿಯಲ್ಲಿ ಐದು, ಐದು ಪದಾರ್ಥ ಬೀಳುವುದರಿಂದ ಆ ಹೆಸರು ಎನ್ನುತ್ತಾನೆ. ಪದ ಅವನಿಗಿಂತಲೂ ಹಳೆಯದು. ಕಂಪನಿಯ ನೌಕರನೊಬ್ಬ 1632ರಲ್ಲಿ ಬರೆದ ಕಾಗದದಲ್ಲೇ ಇದೆ. ‘ಪಂಚನ್’ ಎಂಬ ದೊಡ್ಡ ಪೀಪಾಯಿಯಿಂದ ಪಂಚ್ ಬಂತು ಎನ್ನುವ ವಿದ್ವಾಂಸರೂ ಇದ್ದಾರೆ. ನನಗೆ ಫ್ರೈಯರನ ಮಾತೇ ಸರಿಯೆನಿಸುತ್ತದೆ. ಪೀಪಾಯಿ ಯಾವ ದೇಶದಲ್ಲಿರಲಿಲ್ಲ? ಆದರೆ ನಿಂಬೆ, ಸಕ್ಕರೆ, ಮಸಾಲೆ, ಸಾರಾಯಿ ಕೈಗೆಟುಕುವ ಬೆಲೆಗೆ ಒಂದೇ ಪೇಟೆಯಲ್ಲಿ ಸಿಗುತ್ತಿದ್ದದ್ದು ಇಲ್ಲಿ.

ಹಾಗಾಗಿ ಕಾಕ್‌ಟೇಲ್ ಎಂದೊಡನೆ ಬಾರ್ ಕೌಂಟರಿನ ಬಣ್ಣಬಣ್ಣದ ಬಾಟಲಿಗಳನ್ನು ನೆನೆಯಬೇಕಿಲ್ಲ. ರಾಮನವಮಿಯ ಪಾನಕವನ್ನು ನೆನೆಯಿರಿ. ಬೆಲ್ಲ, ನಿಂಬೆ, ನೀರು, ಏಲಕ್ಕಿ, ಮೆಣಸು: ಐದರಲ್ಲಿ ನಾಲ್ಕು ಪಾಲು ಅಲ್ಲೇ ಇದೆ. ಕ್ಯೂಬಾದ ಡೈಕಿರಿಯೂ ವಿಸ್ಕಿ ಸೋರ್ ಎಂಬುದೂ ಇದೇ ಮನೆತನದವು. ಮದ್ಯ, ಹುಳಿ, ಸಿಹಿ ಮೂರನ್ನೇ ಉಳಿಸಿಕೊಂಡ ಚಿಕ್ಕ ಪಂಚ್‌ಗಳು.

ಅಳತೆಗೆ ಕೆರಿಬಿಯನ್ ದ್ವೀಪಗಳ ಜನ ಬಾಯಿಪಾಠ ಮಾಡಿಕೊಂಡ ಒಂದು ಲೆಕ್ಕವಿದೆ: ಒಂದು ಹುಳಿ, ಎರಡು ಸಿಹಿ, ಮೂರು ಖಡಕ್ಕು, ನಾಲ್ಕು ನೀರು. ಅಂದರೆ 30 ಮಿ.ಲೀ. ನಿಂಬೆರಸ, 60 ಸಕ್ಕರೆ ಪಾಕ, 90 ರಮ್, 120 ತಣ್ಣೀರು. ಇದು ಇಬ್ಬರಿಗೆ. ನಮ್ಮ ರಮ್‌ನಲ್ಲಿ ಸಾಮಾನ್ಯವಾಗಿ ಶೇ. 42.8 ಮದ್ಯಸಾರ ಇರುತ್ತದೆ. ಹೀಗೆ ಬೆರೆಸಿದರೆ ಅದು ಸುಮಾರು 13ಕ್ಕೆ, ವೈನಿನ ಮಟ್ಟಕ್ಕೆ ಇಳಿಯುತ್ತದೆ. ಎರಡು ಪಾಲು ಸಿಹಿ ನನ್ನ ನಾಲಿಗೆಗೆ ಹೆಚ್ಚು, ಒಂದೂವರೆ ಸಾಕು. ಕರ್ನಾಟಕದಲ್ಲಿ ಸಾರಾಯಿ ಮಾರಾಟ 2007ರ ಜುಲೈಯಲ್ಲೇ ನಿಂತಿದ್ದರಿಂದ ಆ ಜಾಗಕ್ಕೆ ರಮ್ಮೇ ಗತಿ, ಮತ್ತು ಅದು ಚೆನ್ನಾಗಿಯೇ ಒಗ್ಗುತ್ತದೆ.

ನಿಜವಾದ ರುಚಿ ಇರುವುದು ಪಾಕದಲ್ಲಿ. ನಿಂಬೆ ಹಿಂಡುವ ಮೊದಲು ಸಿಪ್ಪೆಯನ್ನು ತೆಳ್ಳಗೆ ಹೆರೆದುಕೊಳ್ಳಿ. ಒಳಗಿನ ಬಿಳಿ ಭಾಗ ಬಂದರೆ ಕಹಿ. ಅದನ್ನು ಅರ್ಧ ಲೋಟ ಸಕ್ಕರೆಗೆ ಹಾಕಿ ಬೆರಳಲ್ಲಿ ಚೆನ್ನಾಗಿ ತಿಕ್ಕಿ, ಒಂದು ಗಂಟೆ ಮುಚ್ಚಿಡಿ. ಮುಚ್ಚಳ ತೆಗೆದಾಗ ಒಣಗಿದ್ದ ಸಕ್ಕರೆ ಒದ್ದೆಯಾಗಿ ಹೊಳೆಯುತ್ತಿರುತ್ತದೆ, ಅಡುಗೆಮನೆಯೆಲ್ಲ ನಿಂಬೆ ಘಮ. ಸಿಪ್ಪೆಯ ಎಣ್ಣೆಯನ್ನು ಸಕ್ಕರೆ ಹೀರಿಕೊಂಡಿದೆ. ಅದಕ್ಕೆ ಅಷ್ಟೇ ಬಿಸಿನೀರು ಸುರಿದು ಕರಗಿಸಿ ಸೋಸಿದರೆ ಪಾಕ ಸಿದ್ಧ. ಬರೀ ರಸದಿಂದ ಈ ಪರಿಮಳ ಬರುವುದಿಲ್ಲ. ನಿಂಬೆರಸವನ್ನು ಮಾತ್ರ ಆಗಿಂದಾಗ್ಗೆ ಹಿಂಡಿ. ಬೆಳಿಗ್ಗೆ ಹಿಂಡಿಟ್ಟದ್ದು ಸಂಜೆಗೆ ಸಪ್ಪೆ.

ಐದನೆಯದು ಜಾಯಿಕಾಯಿ. ಡಬ್ಬಿಯ ಪುಡಿ ಬೇಡ, ಲೋಟದ ಮೇಲೆಯೇ ಕಾಯಿ ಹಿಡಿದು ಎರಡು ಸಲ ತುರಿಯಿರಿ.

ರಮ್ ಕೊನೆಗೆ ಬೀಳಲಿ. ಅದಕ್ಕೂ ಮುಂಚೆ ಒಂದು ಜಗ್ ಬೇರೆ ತೆಗೆದಿಟ್ಟು ಇನ್ನಷ್ಟು ತಣ್ಣೀರು, ಐಸ್ ಸೇರಿಸಿದರೆ ಮಕ್ಕಳಿಗೂ, ಕುಡಿಯದವರಿಗೂ, ಗಾಡಿ ಓಡಿಸಿಕೊಂಡು ಮನೆಗೆ ಹೋಗಬೇಕಾದವರಿಗೂ ಅದೇ ಜಾಯಿಕಾಯಿ ಘಮದ ಪಾನಕ.