ಗೇಟಿನ ಬಳಿಯ ಸಾಗೋ ಪಾಮ್‌ನಿಂದ ಸಾಬುದಾಣಿ ಮಾಡ್ತಾರಾ?

ಪ್ರಶ್ನೆ: ನಮ್ಮ ಸೊಸೈಟಿಯ ಗೇಟಿನ ಬಳಿ ಸಾಗೋ ಪಾಮ್ ಗಿಡಗಳಿವೆ. ಉಪವಾಸಕ್ಕೆ ತಿನ್ನುವ ಸಾಬುದಾಣಿ ಇದರದ್ದೇ ಅಂತೆ, ಹೌದಾ? ಮನೆಯಲ್ಲೇ ಹಿಟ್ಟು ತೆಗೆಯಬಹುದಾ? (ಕೋಥ್ರೂಡ್, ಪುಣೆ)

ಉತ್ತರ: ಇದರದ್ದಲ್ಲ. ಮನೆಯಲ್ಲಂತೂ ಖಂಡಿತ ಬೇಡ. ಆಷಾಢ ಏಕಾದಶಿ ಹತ್ತಿರ ಬಂದರೆ ಸಾಕು, ಈ ಪ್ರಶ್ನೆ ಬಂದೇ ಬರುತ್ತದೆ. ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ಬಿಡಿಸಿ ಹೇಳುತ್ತೇನೆ.

ನಿಮ್ಮ ಡಬ್ಬಿಯ ಸಾಬುದಾಣಿ ಮರಗೆಣಸಿನದು. ಹೆಚ್ಚಿನದು ತಮಿಳುನಾಡಿನ ಸೇಲಂ ಕಡೆಯದು. ಗೆಣಸಿನ ಸಿಪ್ಪೆ ತೆಗೆದು ಅರೆದು ಹಾಲು ಸೋಸುತ್ತಾರೆ. ತಳಕ್ಕಿಳಿದ ಹಸಿ ಹಿಟ್ಟನ್ನು ಅಲ್ಲಾಡಿಸಿ ಕಾಳು ಕಟ್ಟಿಸಿ, ಹುರಿದು ಇಲ್ಲವೇ ಹಬೆಯಲ್ಲಿ ಬೇಯಿಸಿ ಒಣಗಿಸುತ್ತಾರೆ. 'ಸಾಗು' ಅನ್ನುವ ಹೆಸರು ಮಾತ್ರ ಇಂಡೋನೇಷ್ಯಾ, ನ್ಯೂಗಿನಿ ಕಡೆಯ ಒಂದು ತಾಳೆ ಜಾತಿಯ ಮರದ್ದು. ಅದರ ಕಾಂಡದ ತಿರುಳಿನಲ್ಲಿ ಹಿಟ್ಟಿದೆ. ಹೆಸರು ಒಂದೇ ಆದದ್ದೇ ಈ ಗೊಂದಲಕ್ಕೆಲ್ಲ ಮೂಲ.

ನಿಮ್ಮ ಗೇಟಿನ ಗಿಡ ಪಾಮ್ ಕೂಡ ಅಲ್ಲ, ಸೈಕಾಸ್. ಹೊಸ ಗರಿ ಬಂದಾಗ ಬಗ್ಗಿ ನೋಡಿ. ಒಂದೊಂದು ಎಳೆ ಎಲೆಯೂ ಜರಿಗಿಡದ ಕುಡಿಯಂತೆ ಸುರುಳಿ ಸುತ್ತಿಕೊಂಡಿರುತ್ತದೆ. ತೆಂಗಿನ ಗರಿ ಹೀಗೆ ಬರುವುದಿಲ್ಲ, ಅಲ್ವಾ? ಇದಕ್ಕೆ ಹೂವಿಲ್ಲ, ಹಣ್ಣೂ ಇಲ್ಲ, ಬರೀ ಬೀಜ. ನನ್ನ ವಿದ್ಯಾರ್ಥಿಗಳು ಈ ಸುರುಳಿ ನೋಡಿದ ಮೇಲೆ ಯಾವತ್ತೂ ತಪ್ಪು ಹೇಳಲಿಲ್ಲ.

ಸೈಕಾಸ್‌ನಲ್ಲೂ ಹಿಟ್ಟಿದೆ, ಅದು ನಿಜ. ಪಶ್ಚಿಮ ಘಟ್ಟದ ಸೈಕಾಸ್‌ಗೆ ಮಲಬಾರಿನವರು 'ಈಂತು' ಅನ್ನುತ್ತಾರೆ. ಬೀಜ ಒಡೆದು ಒಣಗಿಸಿ, ನೀರು ಬದಲಿಸುತ್ತಾ ನೆನೆಸಿ, ಮತ್ತೆ ಒಣಗಿಸಿ ಪುಡಿ ಮಾಡುತ್ತಾರೆ. ಇಷ್ಟೆಲ್ಲ ಸುಮ್ನೆ ಮಾಡುವುದಲ್ಲ. ಅದರಲ್ಲಿ ಸೈಕಾಸಿನ್ ಎಂಬ ವಿಷವಿದೆ, ಲಿವರ್ ಹಾಳು ಮಾಡುತ್ತದೆ. "ಕುದಿಸಿದರೆ ಹೋಗುತ್ತಲ್ಲ ಸರ್" ಅಂತ ಮತ್ತೆ ಬರೆಯಬೇಡಿ. ಕುದಿಸಿದರೆ ಸಾಲದು, ನೀರಿನಲ್ಲಿ ಕರಗಿ ಹೊರಗೆ ಹೋಗಬೇಕು. 1920ರ ದಶಕದಲ್ಲಿ ಜಪಾನಿನ ಓಕಿನಾವಾದಲ್ಲಿ ತಿನ್ನಲು ಬೇರೇನೂ ಇಲ್ಲದೆ ಜನ ಸೈಕಾಸ್ ತಿಂದರು. ವಿಷ ಸರಿಯಾಗಿ ತೆಗೆಯದೆ ತಿಂದು ಸತ್ತವರಿದ್ದಾರೆ. ಆ ಕಾಲಕ್ಕೆ 'ಸೊತೆತ್ಸು ನರಕ' ಅಂತಲೇ ಹೆಸರು. ಸೊತೆತ್ಸು ಅಂದರೆ ನಿಮ್ಮ ಗೇಟಿನ ಗಿಡವೇ.

ನಾಯಿ ಸಾಕಿದವರು ಇನ್ನೂ ಜಾಸ್ತಿ ಎಚ್ಚರ ವಹಿಸಿ. ಕಿತ್ತಳೆ ಬಣ್ಣದ ಬೀಜ ಉದುರಿದ್ದರೆ ಇವತ್ತೇ ಆರಿಸಿ ತೆಗೆಸಿ. ಒಂದೆರಡು ಬೀಜ ತಿಂದರೂ ನಾಯಿ ಸಾಯಬಹುದು.

ಇನ್ನೊಂದು ವಿಷಯ, ಯಾರೂ ಕೇಳಿಲ್ಲ, ಆದರೂ ಹೇಳುತ್ತೇನೆ. ಉಪವಾಸದ ಖಿಚಡಿಯ ತಟ್ಟೆ ನೋಡಿ. ಮರಗೆಣಸು, ಶೇಂಗಾ, ಬಟಾಟೆ, ಹಸಿಮೆಣಸಿನಕಾಯಿ, ನಾಲ್ಕೂ ಅಮೆರಿಕ ಖಂಡದಿಂದ ಬಂದವು. ಈ ನೆಲದ್ದೇ ಬೇಕು ಅನ್ನುವವರಿಗೆ ಪುಣೆಯ ಅಂಗಡಿಯಲ್ಲಿ ವರಿ ಸಿಗುತ್ತದೆ. ನಮ್ಮ ಕಡೆ ಅದನ್ನೇ ಸಾವಿ ಅಕ್ಕಿ ಅನ್ನುತ್ತೇವೆ. ತುಪ್ಪ, ಜೀರಿಗೆ ಒಗ್ಗರಣೆ ಕೊಟ್ಟರೆ ಬಹಳ ರುಚಿ.